ನೆಡುವ ಮುನ್ನ ಬೇರಿಗೆ ಕತ್ತಿ ಹಾಕಿ

“ಹೆಂಟೆ ಒಡೀಬೇಡ, ಗಿಡ ಸತ್ತು ಹೋಗ್ತದೆ.” ಜೂನ್ ತಿಂಗಳಲ್ಲಿ ಗಿಡ ನೆಡುವಲ್ಲೆಲ್ಲ ಕೇಳಿಸುವ ಮಾತಿದು. ಕಾರವಾರದ ಶಾಲೆಯ ಅಂಗಳವಿರಲಿ, ಶಿರಸಿ ಕಡೆಯ ಸೊಪ್ಪಿನ ಬೆಟ್ಟವಿರಲಿ, ಪ್ಲಾಸ್ಟಿಕ್ ಕೊಟ್ಟೆಯನ್ನು ನಾಜೂಕಾಗಿ ಸೀಳಿ, ಒಳಗಿನ ಮಣ್ಣು ಒಂದು ಚೂರೂ ಉದುರದಂತೆ ಗುಂಡಿಗಿಳಿಸಿ ಮುಚ್ಚುತ್ತಾರೆ. ಗಿಡ ಸಾಯುವುದಿಲ್ಲ, ನಿಜ. ಹತ್ತು ಹನ್ನೆರಡು ವರ್ಷ ಚೆನ್ನಾಗಿಯೇ ಬೆಳೆದು, ನೆರಳು ಕೊಡತೊಡಗಿದ ಹೊತ್ತಿಗೆ ಒಂದು ಆಷಾಢದ ಗಾಳಿಗೆ ಬುಡಸಮೇತ ಮಗುಚಿ ಬೀಳುತ್ತದೆ. ದೂರು ಗಾಳಿಯ ಮೇಲೆ.

ಹಾಗೆ ಬಿದ್ದ ಮರದ ಬುಡವನ್ನೊಮ್ಮೆ ಹತ್ತಿರದಿಂದ ನೋಡಬೇಕು. ನಾಲ್ಕು ದಿಕ್ಕಿಗೆ ಹರಡಬೇಕಿದ್ದ ಬೇರುಗಳು ಅಲ್ಲಿರುವುದಿಲ್ಲ. ಸಸಿಯಿದ್ದಾಗಿನ ಕೊಟ್ಟೆಯ ಅಗಲಕ್ಕೇ ಸಿಂಬೆ ಸುತ್ತಿದಂತೆ, ತೋಳು ದಪ್ಪದ ಬೇರುಗಳು ಒಂದರ ಮೇಲೊಂದು ಬಿಗಿದುಕೊಂಡಿರುತ್ತವೆ. ಎಷ್ಟೋ ಸಲ ನಡುವೆ ಪ್ಲಾಸ್ಟಿಕ್ಕಿನ ಚೂರೂ ಸಿಗುತ್ತದೆ.

“ಮಣ್ಣಿಗೆ ಬಿದ್ದ ಮೇಲೆ ಬೇರು ತಾನೇ ಸರಿ ಹೋಗ್ತದೆ” ಎನ್ನುವವರಿದ್ದಾರೆ. ಹೋಗುವುದಿಲ್ಲ. ಬೇರು ಉದ್ದವಾಗುವುದು ತುದಿಯ ಹಿಂದಿನ ಕೆಲವೇ ಮಿಲಿಮೀಟರ್ ಭಾಗದಲ್ಲಿ. ಅದರ ಹಿಂದಿನದೆಲ್ಲ ಉದ್ದವಾಗುವುದೂ ಇಲ್ಲ, ಇದ್ದಲ್ಲಿಂದ ಜರುಗುವುದೂ ಇಲ್ಲ; ದಪ್ಪವಾಗುತ್ತದೆ, ಅಷ್ಟೇ. ತುದಿ ಪ್ಲಾಸ್ಟಿಕ್ ಗೋಡೆಗೆ ತಾಗಿ ಹೊರಳಿದ ಜಾಗದಲ್ಲಿ ಆ ತಿರುವು ಹಾಗೇ ಉಳಿದು, ಕೆಲವು ತಿಂಗಳಲ್ಲಿ ಅಲ್ಲಿ ಕಟ್ಟಿಗೆ ಕೂಡುತ್ತದೆ. ಕಟ್ಟಿಗೆಯೆಂದರೆ ಬಹುಪಾಲು ಲಿಗ್ನಿನ್ ತುಂಬಿಕೊಂಡು ಸತ್ತ ಜೀವಕೋಶಗಳು. ಅವು ಮತ್ತೆ ನೆಟ್ಟಗಾಗುವ ಪ್ರಶ್ನೆಯೇ ಇಲ್ಲ. ನೆಟ್ಟ ಮೇಲೆ ಹೊಸ ತುದಿಗಳು ಹೊರಗಿನ ಮಣ್ಣಿಗೆ ಹೋಗುತ್ತವೆ, ನೀರು ಹೀರುತ್ತವೆ, ಎಲೆ ಹಸಿರಾಗಿರುತ್ತದೆ. ಆದ್ದರಿಂದಲೇ ರೋಗ ಕಾಣಿಸುವುದಿಲ್ಲ. ಆದರೆ ಮರವನ್ನು ಹಿಡಿದು ನಿಲ್ಲಿಸಬೇಕಾದ ಬೇರು ಹೊರಗೆ ಹೋಗುವ ಮುಂಚೆ ಒಳಗೇ ಎರಡು ಸುತ್ತು ಹಾಕಿರುತ್ತದೆ. ಸುತ್ತು ಕಾಂಡದ ಬುಡಕ್ಕೇ ಬಿದ್ದಿದ್ದರೆ ಇನ್ನೂ ಕಷ್ಟ: ಕಾಂಡವೂ ದಪ್ಪವಾಗುತ್ತದೆ, ಬೇರೂ ದಪ್ಪವಾಗುತ್ತದೆ, ಎರಡೂ ಒತ್ತಿಕೊಂಡು ತೊಗಟೆಯ ಕೆಳಗಿನ ಆಹಾರದ ನಾಳಗಳು ನಜ್ಜುಗುಜ್ಜಾಗುತ್ತವೆ. ಎಲೆ ತಯಾರಿಸಿದ ಸಕ್ಕರೆ ಬೇರಿಗೆ ಇಳಿಯದೆ ಮರ ತುದಿಯಿಂದ ಒಣಗುತ್ತಾ ಬರುತ್ತದೆ.

ಬೇರು ಕತ್ತರಿಸಿದರೆ ಏನಾಗುತ್ತದೆ? ಬೆಳೆಯುವ ತುದಿಯು ತನ್ನ ಹಿಂದಿನ ಕವಲುಗಳನ್ನು ತಡೆದು ಹಿಡಿದಿರುತ್ತದೆ. ತುದಿ ಹೋಯಿತೆಂದರೆ ಆ ತಡೆಯೂ ಹೋಯಿತು. ಎಳೆ ಚಿಗುರಿನಿಂದ ಇಳಿದು ಬರುವ ಆಕ್ಸಿನ್ ಎಂಬ ಹಾರ್ಮೋನು ಕಡಿದ ಬಾಯಿಯ ಹಿಂದೆ ಕೂಡಿಕೊಳ್ಳುತ್ತದೆ, ಒಳಪದರದ ಕೋಶಗಳು ವಿಭಜನೆಗೊಂಡು ಒಂದು ಬೇರಿದ್ದಲ್ಲಿ ಹಲವು ಹೊರಡುತ್ತವೆ. ಮಳೆಗಾಲದ ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಇದಕ್ಕೆ ಒಂದೆರಡು ವಾರ ಸಾಕು. ಬೇರು ಕಡಿದೆವು, ಲೆಕ್ಕ ಸರಿಯಾಗಲಿ ಎಂದು ಎಲೆಯನ್ನೂ ಸವರಿ ಹಾಕುವ ಪದ್ಧತಿ ಇದೆಯಲ್ಲ, ಅದು ಇಲ್ಲಿ ಉಲ್ಟಾ ಕೆಲಸ ಮಾಡುತ್ತದೆ. ಆಕ್ಸಿನ್ ಬರಬೇಕಾದ್ದೂ ಸಕ್ಕರೆ ಬರಬೇಕಾದ್ದೂ ಆ ಚಿಗುರಿನಿಂದಲೇ. ಒಣಗಿದ್ದು, ಮುರಿದದ್ದು ಬಿಟ್ಟರೆ ಗಿಡದ ಮೇಲ್ಭಾಗದಲ್ಲಿ ಇನ್ನೇನನ್ನೂ ಕತ್ತರಿಸಬಾರದು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದೇನು ಹೊಸ ವಿದ್ಯೆಯಲ್ಲ. ಹಳಿಯಾಳ, ದಾಂಡೇಲಿ ಕಡೆಯ ಸಾಗವಾನಿ ನೆಡುತೋಪುಗಳಲ್ಲಿ ಕೆಲಸ ಮಾಡಿದವರಿಗೆ ಸ್ಟಂಪ್ ಗೊತ್ತು. ಮಡಿಯಲ್ಲಿ ಒಂದು ವರ್ಷ ಬೆಳೆದ, ಹೆಬ್ಬೆರಳು ದಪ್ಪದ ಸಸಿಯನ್ನು ಕಿತ್ತು, ಕಾಂಡ 2–3 ಸೆಂ.ಮೀ., ತಾಯಿಬೇರು 15–20 ಸೆಂ.ಮೀ. ಉಳಿಸಿ, ಪಕ್ಕದ ಬೇರುಗಳನ್ನೆಲ್ಲ ಸವರಿ, ಹಾರೆಯಲ್ಲಿ ತೂತು ಮಾಡಿ ಊರುತ್ತಾರೆ. ಎಲೆಯೇ ಇಲ್ಲದ ಆ ತುಂಡು ಮರವಾಗುತ್ತದೆ. ಸಾಗವಾನಿ ಬೇರಿನಲ್ಲಿ ಪಿಷ್ಟದ ದಾಸ್ತಾನು ಜಾಸ್ತಿ. ಎಲ್ಲ ಮರಕ್ಕೂ ಇಷ್ಟು ಕ್ರೌರ್ಯ ತಡೆಯದು. ಆದರೂ “ತಾಯಿಬೇರು ಕಡಿದರೆ ಗಿಡ ಮುಗೀತು” ಎನ್ನುವವರಿಗೆ ತೋರಿಸಲು ಇಷ್ಟು ಸಾಕು.

ಕತ್ತಿಯಿಲ್ಲದೆ ಗಾಳಿಯಿಂದಲೇ ಬೇರು ಸವರುವ ಉಪಾಯವೂ ಇದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ತೋಟಗಾರಿಕೆ ವಿಜ್ಞಾನಿ ಕಾರ್ಲ್ ವಿಟ್ಕಂಬ್ ತಳ ತೆಗೆದ ಹಾಲಿನ ಪೊಟ್ಟಣಗಳಲ್ಲಿ, ತಂತಿ ಜಾಲರಿಯ ಮೇಲಿಟ್ಟು ಸಸಿ ಬೆಳೆಸಿದರು. ತಳಕ್ಕೆ ಬಂದ ಬೇರು ಗಾಳಿಗೆ ತಾಗಿ ಒಣಗಿ ನಿಂತಿತು, ಹಿಂದೆ ಕವಲೊಡೆಯಿತು. ಈಗ ನರ್ಸರಿಗಳಲ್ಲಿರುವ ರೂಟ್ ಟ್ರೇನರ್ ಎಂಬ, ತಳ ತೆರೆದ ಗಟ್ಟಿ ಪ್ಲಾಸ್ಟಿಕ್ ಕುಂಡ ಕೆಲಸ ಮಾಡುವುದೂ ಹೀಗೆಯೇ. ಒಳಗೋಡೆಯ ಉದ್ದುದ್ದ ಏಣುಗಳು ಬೇರು ಸುತ್ತದಂತೆ ತಡೆದು ಕೆಳಕ್ಕೆ ಕಳಿಸುತ್ತವೆ. ಆದರೆ ಅದನ್ನು ಸ್ಟ್ಯಾಂಡಿನ ಮೇಲೆ ಎತ್ತರಕ್ಕೆ ಇಡಬೇಕು. ತಂದು ನೆಲದ ಮೇಲಿಟ್ಟರೆ ಬೇರು ನೆಲಕ್ಕೇ ಇಳಿಯುತ್ತದೆ, ಕೊಟ್ಟ ದುಡ್ಡು ದಂಡ. ಕೊಟ್ಟೆ ಗಿಡಗಳಿಗೂ ಅದೇ ಕಾಟ. ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಎತ್ತಿ ಜಾಗ ಬದಲಿಸದಿದ್ದರೆ ತಾಯಿಬೇರು ಕೊಟ್ಟೆಯ ತೂತಿನಿಂದ ನೆಲ ಹಿಡಿಯುತ್ತದೆ. ಮಾರುವ ದಿನ ಎಳೆದಾಗ ಹರಿದು, ಮನೆಗೆ ಬರುವಷ್ಟರಲ್ಲಿ ಗಿಡ ಜೋತು ಬಿದ್ದಿರುತ್ತದೆ.

ದೊಡ್ಡ ಗಿಡ ಬೇಕೆಂಬ ಆಸೆಯಿಂದಲೂ ಕೆಡುಕಾಗುತ್ತದೆ. 6×9 ಇಂಚಿನ ಕೊಟ್ಟೆಯಿಂದ 8×12ಕ್ಕೆ, ಅಲ್ಲಿಂದ 14×20ಕ್ಕೆ ಬೇರು ಮುಟ್ಟದೆ ದಾಟಿಸಿದ ಗಿಡದೊಳಗೆ ಒಂದಲ್ಲ, ಮೂರು ಸುತ್ತುಗಳಿರುತ್ತವೆ. ಹೊರಗಿನದನ್ನು ನೀವು ಕತ್ತರಿಸಬಹುದು, ಒಳಗಿನದಕ್ಕೆ ಕತ್ತಿ ತಲುಪುವುದಿಲ್ಲ. 8×12 ಕೊಟ್ಟೆಯ, ಒಂದೆರಡು ವರ್ಷದ ಹೊನ್ನೆ, ನಂದಿ, ಸುರಹೊನ್ನೆ ತೆಗೆದುಕೊಳ್ಳಿ. ಬೇಗ ಬೇರು ಬಿಟ್ಟು ಕೆಲವೇ ವರ್ಷದಲ್ಲಿ ಆ ದೊಡ್ಡ ಗಿಡವನ್ನು ಹಿಂದೆ ಹಾಕುತ್ತವೆ.

ನೆಡುವ ಹಿಂದಿನ ಸಂಜೆ ಕೊಟ್ಟೆಗೆ ನೀರು ತುಂಬ ಹಾಕಿ. ಒಣ ಉಂಡೆ ಕತ್ತಿ ತಾಗಿದೊಡನೆ ಪುಡಿಯಾಗುತ್ತದೆ. ಮರುದಿನ ಕೊಟ್ಟೆಯನ್ನು ಪೂರ್ತಿ ತೆಗೆದು, ಉಂಡೆಯ ತಳದಿಂದ 2–3 ಸೆಂ.ಮೀ. ದಪ್ಪದ ಬಿಲ್ಲೆಯನ್ನು ಒಂದೇ ಏಟಿಗೆ ಕತ್ತರಿಸಿ ಬಿಸಾಡಿ; ಸುತ್ತಿದ ತಾಯಿಬೇರಿನ ಹೆಚ್ಚಿನ ಭಾಗ ಇರುವುದು ಅಲ್ಲೇ. ಬದಿಗಳಲ್ಲಿ ಮೂರು ನಾಲ್ಕು ಕಡೆ ಮೇಲಿನಿಂದ ಕೆಳಗೆ 1–2 ಸೆಂ.ಮೀ. ಆಳಕ್ಕೆ ಗೀರಿ. ದೊಡ್ಡ ಕೊಟ್ಟೆಯ ಗಿಡವಾದರೆ ಗೀರಿದ್ದು ಸಾಲದು, ಸುತ್ತಲೂ ಸುಮಾರು 2.5 ಸೆಂ.ಮೀ. ಹೆರೆದೇ ಬಿಡಬೇಕು, ಫ್ಲೋರಿಡಾ ವಿಶ್ವವಿದ್ಯಾಲಯದ ಎಡ್ವರ್ಡ್ ಗಿಲ್ಮನ್ ವರ್ಷಗಟ್ಟಲೆ ಪ್ರಯೋಗ ಮಾಡಿ ಹೇಳಿದ್ದು ಇದನ್ನೇ. ಪೆನ್ಸಿಲ್ಲಿಗಿಂತ ದಪ್ಪದ ಬೇರು ಸುತ್ತಿದ್ದರೆ ಅದು ಬಾಗತೊಡಗಿದ ಜಾಗದಲ್ಲೇ ಕತ್ತರಿ ಹಾಕಿ. ಕತ್ತಿ ಹರಿತವಿರಲಿ, ಜಜ್ಜಿದ ಬಾಯಿ ಕೊಳೆಯುತ್ತದೆ.

ಹಲಸು, ಗೇರು ಮಾತ್ರ ಇದಕ್ಕೆ ಹೊರತು. ಅವುಗಳ ತಾಯಿಬೇರಿಗೆ ಪೆಟ್ಟು ಬಿದ್ದರೆ ಸುಧಾರಿಸಿಕೊಳ್ಳುವುದು ಕಷ್ಟ. ಕಸಿಯ ಗರಜಿಲ್ಲದಿದ್ದರೆ ಬೀಜವನ್ನೇ ಜಾಗದಲ್ಲಿ ಊರುವುದು ವಾಸಿ. ಇನ್ನು ಅಡಿಕೆ, ತೆಂಗು. ಅವುಗಳಿಗೆ ತಾಯಿಬೇರೇ ಇಲ್ಲ, ಇರುವ ಬೇರು ವರ್ಷದಿಂದ ವರ್ಷಕ್ಕೆ ದಪ್ಪವಾಗುವುದಿಲ್ಲ, ಬುಡದಿಂದ ಹೊಸ ಬೇರು ಬರುತ್ತಲೇ ಇರುತ್ತವೆ. ಹಾಗಾಗಿ ಕೊಟ್ಟೆಯಲ್ಲಿ ಸುತ್ತಿದ ಬೇರು ಅಡಿಕೆ ಮರದ ಕುತ್ತಿಗೆ ಹಿಸುಕುವುದಿಲ್ಲ. ತೋಟದಲ್ಲಿ ಸಲ್ಲುವ ಈ ನಿರ್ಲಕ್ಷ್ಯವನ್ನು ಬೆಟ್ಟದ ಮರಗಳಿಗೂ ಒಯ್ದದ್ದರಿಂದಲೇ ನಮ್ಮಲ್ಲಿ ಎಡವಟ್ಟಾಗಿದೆ ಎಂದು ಕಾಣುತ್ತದೆ.

ಬೇರು ಸರಿಪಡಿಸಿ ಕೆಟ್ಟ ಗುಂಡಿಗೆ ಇಳಿಸಿದರೆ ಮತ್ತೆ ಅದೇ ಕಥೆ. ಕರಾವಳಿಯ ಚಿರೆಕಲ್ಲಿನ ನೆಲದಲ್ಲಿ ಜೆಸಿಬಿ ತೋಡಿದ ಗುಂಡಿಯ ಗೋಡೆ ಗಾರೆ ಮಾಡಿದಷ್ಟು ನುಣುಪಾಗುತ್ತದೆ. ಬೇರಿಗೆ ಅದು ಇನ್ನೊಂದು ಕೊಟ್ಟೆ, ಮಳೆಗಾಲದಲ್ಲಿ ತೊಟ್ಟಿ. ಗೋಡೆಯನ್ನು ಪಿಕಾಸಿಯಲ್ಲಿ ಒಡೆಯಿರಿ, ಇಳಿಜಾರಿನ ಕಡೆ ನೀರು ಹೋಗಲು ಒಂದು ಕಾಲುವೆ ಬಿಡಿ. ಆಳ ಉಂಡೆಯಷ್ಟೇ, ಅಗಲ ಅದರ ಎರಡು ಮೂರು ಪಟ್ಟು. ಕೊಟ್ಟೆಯಲ್ಲಿ ಮೇಲಿನಿಂದ ಮಣ್ಣು ಸುರಿದು ಬುಡ ಹೂತಿದ್ದರೆ ಕೆದಕಿ, ಮೊದಲ ದಪ್ಪ ಬೇರು ನೆಲಮಟ್ಟಕ್ಕೆ ಬರುವಂತೆ ನಿಲ್ಲಿಸಿ. ದರಕು, ಅಂದರೆ ಒಣಗಿದ ಎಲೆ ಹೊದಿಸುವಾಗ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಜೂನ್ 5ರ ಪರಿಸರ ದಿನಕ್ಕೆ ಕಾಯುವುದಕ್ಕಿಂತ ಮಳೆ ಹಿಡಿಯುವುದನ್ನು ಕಾಯುವುದು ಒಳ್ಳೆಯದು. ಬೇರು ಸವರಿದ ಗಿಡಕ್ಕೆ ನಾಲ್ಕು ದಿನದ ಬಿಸಿಲೂ ಹೆಚ್ಚೇ.

ಡಿಸೆಂಬರ್ ದಾಟಿದ ಮೇಲೆ ಮೇ ತನಕ ವಾರಕ್ಕೆ ಒಂದೆರಡು ಸಲ ಒಂದೊಂದು ಕೊಡ ನೀರನ್ನು ಬುಡದ ಉಂಡೆಯ ಮೇಲೆಯೇ ಹಾಕಬೇಕು. ನರ್ಸರಿ ಮಿಶ್ರಣ ಸುತ್ತಲಿನ ಮಣ್ಣಿಗಿಂತ ಬೇಗ ಒಣಗುತ್ತದೆ, ಹೊರಗೆ ಒದ್ದೆ ಕಂಡರೂ ಒಳಗೆ ಬೇರು ಬಾಯಾರಿರುತ್ತದೆ. ಎರಡನೇ ಮಳೆಗಾಲ ಶುರುವಾದಾಗ ಕಾಂಡವನ್ನು ಹಿಡಿದು ಅಲ್ಲಾಡಿಸಿ. ಕಾಂಡ ಬಾಗಿದರೆ ಬೇರು ನೆಲ ಹಿಡಿದಿದೆ. ಬುಡವೇ ಅಲುಗಿ ಸುತ್ತಲಿನ ಮಣ್ಣು ಬಿರುಕು ಬಿಟ್ಟರೆ ಗೂಟ ಕಟ್ಟಿ ದಿನ ದೂಡಬೇಡಿ. ಕಿತ್ತು ಹಾಕಿ ಅದೇ ಮಳೆಯಲ್ಲಿ ಇನ್ನೊಂದು ಗಿಡ ನೆಡಿ.