ಪಟ್ಟಿಗೂ ಸಿಗದ ಹಕ್ಕಿ, ಅಂಗಳ ಕಳೆದುಕೊಂಡ ಕೆರೆ

ಕೆರೆ ಅಭಿವೃದ್ಧಿಯ ಯೋಜನಾ ವರದಿಗಳನ್ನು ಓದಿ ಅಭಿಪ್ರಾಯ ಬರೆದುಕೊಡುವುದು ನನ್ನ ಕೆಲಸದ ಒಂದು ಭಾಗ. ಅವುಗಳಲ್ಲಿ ಹಕ್ಕಿಗಳಿಗೆಂದು ಒಂದು ಪುಟ ಇರುತ್ತದೆ. ಆ ಪುಟದ ಕೊನೆಗೆ ಒಂದು ಸಾಲು ತಪ್ಪದೆ ಬರುತ್ತದೆ: ‘ಯೋಜನಾ ಪ್ರದೇಶದಲ್ಲಿ ಅಳಿವಿನಂಚಿನ ಯಾವುದೇ ಪ್ರಭೇದ ಕಂಡುಬಂದಿಲ್ಲ.’ ಸೊರಬದ ಕೆರೆಗೂ ಅದೇ ಸಾಲು, ಶಿಕಾರಿಪುರದ ಕೆರೆಗೂ ಅದೇ ಸಾಲು. ಸುಳ್ಳೇನೂ ಅಲ್ಲ. ಆದರೆ ಓದಿದವರು ಅದನ್ನು ಜೆಸಿಬಿ ಇಳಿಸಲು ಸಿಕ್ಕ ಅನುಮತಿ ಎಂದೇ ತಿಳಿಯುತ್ತಾರೆ. ನನ್ನ ತಕರಾರು ಇರುವುದು ಅಲ್ಲಿ.

ಒಂದು ಹಕ್ಕಿಯನ್ನೇ ತೆಗೆದುಕೊಳ್ಳೋಣ. ಮಲೆನಾಡಿನ ಗದ್ದೆ, ಕೆರೆಗಳಿಗೆ ಬರುವ ವಲಸೆ ಗೊರವಗಳಲ್ಲಿ, ಎಂದರೆ ಕೆಸರಿನಲ್ಲಿ ನಡೆದು ಹುಳ ಹೆಕ್ಕುವ ಹಕ್ಕಿಗಳಲ್ಲಿ, ವುಡ್ ಸ್ಯಾಂಡ್‌ಪೈಪರ್ ಎಂಬುದೊಂದು. ಮೈನಾಗಿಂತ ಚಿಕ್ಕದು, ಕಂದು ಬೆನ್ನಿನ ತುಂಬ ಬಿಳಿ ಚುಕ್ಕೆ, ಕಣ್ಣಿನ ಮೇಲೆ ಬಿಳಿ ಹುಬ್ಬು, ಹಳದಿ ಛಾಯೆಯ ಕಾಲು. ಕೆಸರಿನಲ್ಲಿ ನಾಲ್ಕು ಹೆಜ್ಜೆ ನಡೆದು, ನಿಂತು, ಹಿಂಭಾಗವನ್ನು ಮೇಲೆ ಕೆಳಗೆ ಕುಲುಕಿ, ಏನನ್ನೋ ಹೆಕ್ಕಿ ಮತ್ತೆ ನಡೆಯುತ್ತದೆ. ಹತ್ತಿರ ಹೋದರೆ ‘ಚಿಫ್ ಚಿಫ್ ಚಿಫ್’ ಎಂದು ಕೂಗುತ್ತಾ ಏಳುತ್ತದೆ; ಆಗ ಸೊಂಟದ ಬಿಳಿ ಎದ್ದು ಕಾಣುತ್ತದೆ. ಮರಿ ಮಾಡುವುದು ಸ್ಕ್ಯಾಂಡಿನೇವಿಯಾದಿಂದ ರಷ್ಯಾದ ಪೂರ್ವ ತುದಿಯ ಕಮ್ಚಾಟ್ಕಾವರೆಗೆ ಹಬ್ಬಿದ ಜವುಗು ಕಾಡುಗಳಲ್ಲಿ. ಅಲ್ಲಿನ ಬೇಸಿಗೆ ಚಿಕ್ಕದು. ಹಾಗಾಗಿ ನಮ್ಮಲ್ಲಿ ನಾಟಿ ಮುಗಿದು ಸಸಿಗಳಿನ್ನೂ ಗೇಣುದ್ದ ಇರುವಾಗಲೇ, ಆಗಸ್ಟ್ ಕೊನೆಯ ಹೊತ್ತಿಗೆ, ಮೊದಲ ಹಕ್ಕಿಗಳು ಬಂದಿಳಿದಿರುತ್ತವೆ. ಹಿಂದಿರುಗುವುದು ಏಪ್ರಿಲ್, ಮೇ ತಿಂಗಳಿನಲ್ಲಿ. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಅದು ಇಲ್ಲಿಯದೇ ಹಕ್ಕಿ.

ಜೀವಿಗಳ ಅಳಿವಿನ ಅಪಾಯವನ್ನು ವರ್ಗಗಳಾಗಿ ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದರ ಸ್ಥಾನ ‘ಕಡಿಮೆ ಕಾಳಜಿ’ ವರ್ಗ, ಎಂದರೆ ಏಣಿಯ ಅತ್ಯಂತ ಕೆಳಗಿನ ಮೆಟ್ಟಿಲು. ಸಾಗರದ ಕಡೆಯ ಹಿರಿಯ ಕೃಷಿಕರೊಬ್ಬರಿಗೆ ಇದನ್ನು ಹೇಳಿದಾಗ, ‘ಹಾಗಾದರೆ ಮುಗಿಯಿತಲ್ಲ ಮಾರಾಯರೇ, ಚಿಂತೆ ಯಾಕೆ?’ ಎಂದರು. ನ್ಯಾಯವಾದ ಪ್ರಶ್ನೆ. ಉತ್ತರ ಬೇಕೆಂದರೆ ಆ ಪಟ್ಟಿ ಏನನ್ನು ಅಳೆಯುತ್ತದೆ ಎಂದು ನೋಡಬೇಕು.

ಪಟ್ಟಿ ಅಳೆಯುವುದು ಬಹುಮಟ್ಟಿಗೆ ವೇಗವನ್ನು. ಹತ್ತು ವರ್ಷ ಅಥವಾ ಆ ಜೀವಿಯ ಮೂರು ತಲೆಮಾರು, ಯಾವುದು ದೀರ್ಘವೋ ಆ ಅವಧಿಯಲ್ಲಿ ಜಗತ್ತಿನ ಒಟ್ಟು ಸಂಖ್ಯೆ ಶೇ 30ರಷ್ಟು ಇಳಿದರೆ ‘ಅಪಾಯಕ್ಕೀಡಾದ’ ವರ್ಗ. ಶೇ 50 ಇಳಿದರೆ ‘ಅಳಿವಿನಂಚಿನ’ ವರ್ಗ. ಶೇ 80 ಇಳಿದರೆ ಇನ್ನೂ ಮೇಲಿನದು. ತೀರಾ ಚಿಕ್ಕ ನೆಲೆ, ತೀರಾ ಕಡಿಮೆ ಸಂಖ್ಯೆ ಎಂಬ ಬೇರೆ ಅಳತೆಗಳೂ ಇವೆ, ಆದರೆ ಎರಡು ಖಂಡಗಳ ಉದ್ದಕ್ಕೂ ಮರಿ ಮಾಡುವ, ಲಕ್ಷಾಂತರ ಸಂಖ್ಯೆಯ ಹಕ್ಕಿಗೆ ಅವು ತಾಗುವುದಿಲ್ಲ. ಆದ್ದರಿಂದಲೇ ಕಣ್ಣಿಗೆ ಧಾರಾಳವಾಗಿ ಕಾಣುವ ಹಕ್ಕಿಯೂ ಅಪಾಯದ ವರ್ಗದಲ್ಲಿರಬಹುದು. ಎಲೆಚುಕ್ಕಿ ಬಂದ ಅಡಿಕೆ ತೋಟದಲ್ಲಿ ಮರ ಎಣಿಸಿದರೆ ಒಂದೂ ಕಡಿಮೆ ಇರುವುದಿಲ್ಲ; ವರ್ಷ ವರ್ಷದ ಕೊನೆಕೊಯ್ಲು ನೋಡಿದವರಿಗೆ ಮಾತ್ರ ಸಂಗತಿ ಗೊತ್ತಿರುತ್ತದೆ.

2024ರ ಅಕ್ಟೋಬರಿನಲ್ಲಿ ಹೀಗೇ ಆಯಿತು. ಒಂದೇ ಪರಿಷ್ಕರಣೆಯಲ್ಲಿ 16 ವಲಸೆ ಗೊರವ, ಪ್ಲವರ್ ಜಾತಿಯ ಹಕ್ಕಿಗಳನ್ನು ಹೆಚ್ಚಿನ ಅಪಾಯದ ವರ್ಗಗಳಿಗೆ ಏರಿಸಲಾಯಿತು. ಗ್ರೇ ಪ್ಲವರ್ ‘ಕಡಿಮೆ ಕಾಳಜಿ’ಯಿಂದ ನಡುವಿನ ಮೆಟ್ಟಿಲನ್ನೂ ಹಾರಿ ‘ಅಪಾಯಕ್ಕೀಡಾದ’ ವರ್ಗಕ್ಕೆ ಹೋಯಿತು. ಕರ್ಲ್ಯೂ ಸ್ಯಾಂಡ್‌ಪೈಪರ್ ಕೂಡ ಅದೇ ವರ್ಗಕ್ಕೆ ಏರಿತು. ಇವು ಘಟ್ಟದ ಕೆಳಗೆ ಕರಾವಳಿಯ ಅಳಿವೆಗಳಲ್ಲಿ ನೋಡಲು ಸಿಗುವ ಹಕ್ಕಿಗಳು. ‘ಕಡಿಮೆ ಕಾಳಜಿ’ ಎಂಬುದು ಕಾಯಂ ಹುದ್ದೆಯಲ್ಲ. ಪಟ್ಟಿಯ ಇನ್ನೊಂದು ತುದಿ ಇನ್ನೂ ನಿಧಾನ. ಸ್ಲೆಂಡರ್ ಬಿಲ್ಡ್ ಕರ್ಲ್ಯೂ ಎಂಬ ಸೈಬೀರಿಯಾದ ಹಕ್ಕಿ ಖಚಿತವಾಗಿ ಕಂಡ ಕೊನೆಯ ದಾಖಲೆ 1995ರದು, ಮೊರಾಕ್ಕೊದಲ್ಲಿ. ಅದು ನಾಮಾವಶೇಷವಾಯಿತು ಎಂದು ಪಟ್ಟಿ ಒಪ್ಪಿಕೊಂಡದ್ದು 2025ರಲ್ಲಿ. ಅಷ್ಟು ಎಚ್ಚರ ಬೇಕು ಎಂದು ನಾನೂ ಒಪ್ಪುತ್ತೇನೆ. ಆದರೆ ಇಂಥ ಪಟ್ಟಿಯನ್ನು ಮುಂದಿನ ಬೇಸಿಗೆಯ ಕಾಮಗಾರಿಗೆ ಮಾರ್ಗದರ್ಶಿ ಮಾಡಿಕೊಳ್ಳಲು ಬರುವುದಿಲ್ಲ.

ಹಕ್ಕಿಯ ಪಟ್ಟಿ ಕೈಬಿಟ್ಟರೆ ಜಾಗದ ಪಟ್ಟಿಯಾದರೂ ಹಿಡಿಯಬೇಕಲ್ಲ? ಮಹತ್ವದ ಜೌಗು ಪ್ರದೇಶಗಳಿಗೆ ಅಂತರರಾಷ್ಟ್ರೀಯ ಒಪ್ಪಂದದಡಿ ಸಿಗುವ ರಾಮ್ಸಾರ್ ಮಾನ್ಯತೆಗೆ ಹಕ್ಕಿಗಳ ಆಧಾರದಲ್ಲಿ ಎರಡು ಅಳತೆಗಳಿವೆ. ಆ ಜಾಗದಲ್ಲಿ ನಿಯಮಿತವಾಗಿ 20,000 ನೀರುಹಕ್ಕಿಗಳಿರಬೇಕು, ಇಲ್ಲವೇ ಒಂದು ಪ್ರಭೇದದ ಯಾವುದಾದರೂ ಸಮುದಾಯದ ಶೇ 1ರಷ್ಟು ಅಲ್ಲಿರಬೇಕು. ರಾಜ್ಯದಲ್ಲಿ ರಂಗನತಿಟ್ಟು 2022ರಲ್ಲಿ, ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ 2024ರಲ್ಲಿ ಆ ಪಟ್ಟಿಗೆ ಸೇರಿದವು. ಶಿವಮೊಗ್ಗ ಜಿಲ್ಲೆಯದು ಒಂದೂ ಇಲ್ಲ. ಗುಡವಿ, ಮಂಡಗದ್ದೆಗಳಿಗೆ ಹೆಸರಿದೆ, ಆದರೆ ಅವು ಮರದ ಮೇಲೆ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳ ತಾಣಗಳು. ವುಡ್ ಸ್ಯಾಂಡ್‌ಪೈಪರ್ ಒಂದೆಡೆ ಗುಂಪುಗೂಡುವ ಹಕ್ಕಿಯಲ್ಲ. ಈ ಗದ್ದೆಯಲ್ಲಿ ಮೂರು, ಆ ಕೆರೆಯಂಗಳದಲ್ಲಿ ಎಂಟು, ಲಿಂಗನಮಕ್ಕಿ ಹಿನ್ನೀರು ಇಳಿದ ಬಯಲಿನಲ್ಲಿ ಒಂದಿಷ್ಟು, ಹೀಗೆ ಚದುರಿರುತ್ತದೆ. ಯಾವ ಒಂದು ಕೆರೆಯೂ ಅದಕ್ಕೆ ಅನಿವಾರ್ಯವಲ್ಲ. ಆದ್ದರಿಂದ ಯಾವ ಕೆರೆಯನ್ನು ಕೆಡಿಸಿದರೂ ಲೆಕ್ಕಕ್ಕೆ ಬರುವುದಿಲ್ಲ.

ಈ ಹಕ್ಕಿಯ ಕಾಲಿನ ನೀಳ ಮೂಳೆ ಸುಮಾರು ನಾಲ್ಕು ಸೆಂಟಿಮೀಟರ್. ಕೊಕ್ಕು ಮೂರಕ್ಕೂ ತುಸು ಕಡಿಮೆ. ಅದರ ಇಡೀ ಮಲೆನಾಡು ಆ ಅಳತೆಯೊಳಗೆ ಮುಗಿಯಬೇಕು: ಎರಡು ಬೆರಳು ನೀರು, ಮೆತ್ತನೆಯ ಕೆಸರು, ಅದರಲ್ಲಿ ಹುಳಹುಪ್ಪಟೆ. ಭತ್ತದ ಗದ್ದೆ ಇದನ್ನು ಪುಕ್ಕಟೆಯಾಗಿ ಕೊಡುತ್ತಿತ್ತು. ಈಗ ಗದ್ದೆಗೆ ಮಣ್ಣು ತುಂಬಿ, ಬಸಿಗಾಲುವೆ ತೆಗೆದು ಅಡಿಕೆ ಹಾಕುತ್ತಾರೆ. ಇಲ್ಲವೇ ಶುಂಠಿಗೆ ಗುತ್ತಿಗೆ ಕೊಡುತ್ತಾರೆ. ಎರಡಕ್ಕೂ ನೀರು ನಿಲ್ಲುವುದು ಶತ್ರು. ಭತ್ತದಲ್ಲಿ ಕೂಲಿ ಗಿಟ್ಟದ ರೈತನಿಗೆ ಹಕ್ಕಿಗಾಗಿ ಗದ್ದೆ ಉಳಿಸಿ ಎಂದು ಹೇಳುವ ಧೈರ್ಯ ನನಗಿಲ್ಲ, ಹೇಳುವುದೂ ಇಲ್ಲ. ಭದ್ರಾ ಅಚ್ಚುಕಟ್ಟಿನಲ್ಲಿ ನಾಲೆಗೆ ನೀರು ಬಿಟ್ಟು ಬೇಸಿಗೆ ಭತ್ತ ನಾಟಿಯಾದ ವರ್ಷ ಆ ಭಾಗದಲ್ಲಿ ಹಕ್ಕಿಗೆ ಆಸರೆ ಸಿಗುತ್ತದೆ. ಉಳಿದ ಕಡೆ ಕೊಯ್ಲಾಗಿ ಗದ್ದೆ ಒಣಗಿದ ಮೇಲೆ ಉಳಿಯುವುದು ಕೆರೆಯಂಗಳವೊಂದೇ.

ಕೆರೆಯ ವಿಷಯದಲ್ಲಿ ಮಾತ್ರ ನಾನು ಜಗಳಕ್ಕೆ ಸಿದ್ಧ. ಏಕೆಂದರೆ ಅಲ್ಲಿ ಹಾಳಾಗುವುದರಿಂದ ಯಾರಿಗೂ ಲಾಭವಿಲ್ಲ. 2022ರಲ್ಲಿ ಶುರುವಾದ ಅಮೃತ ಸರೋವರ ಯೋಜನೆಯ ಮಾನದಂಡ ನೋಡಿ: ಕನಿಷ್ಠ ಒಂದು ಎಕರೆ ವಿಸ್ತೀರ್ಣ, ಸುಮಾರು 10,000 ಘನ ಮೀಟರ್ ನೀರು. ಒಂದು ಎಕರೆಗೆ ಭಾಗಿಸಿದರೆ ಸರಾಸರಿ ಆಳವೇ ಎರಡೂವರೆ ಮೀಟರ್. ಅಷ್ಟು ಆಳವನ್ನು ಚಿಕ್ಕ ಜಾಗದಲ್ಲಿ ತರಬೇಕೆಂದರೆ ದಡವನ್ನು ಕಡಿದಾಗಿ ಇಳಿಸಲೇಬೇಕು. ನೀರು ಬೇಕು ನಿಜ, ಅಂತರ್ಜಲವೂ ಬೇಕು. ಆದರೆ ಹತ್ತಾರು ಎಕರೆಯ ಹಳೆಯ ಕೆರೆಗಳಿಗೂ ಅದೇ ಬಟ್ಟಲಿನ ನಕ್ಷೆ ಹಾಕಿ, ಸುತ್ತ ಕಲ್ಲು ಕಟ್ಟಿ, ಮೇಲೆ ನಡಿಗೆ ಪಥ ಮಾಡುವುದಕ್ಕೆ ಯಾವ ನೀರಾವರಿ ಕಾರಣವೂ ಇಲ್ಲ. ಹಾಗೆ ಮಾಡಿದ ಕೆರೆಯಲ್ಲಿ ನೀರು ಎಷ್ಟು ಇಳಿದರೂ ಕೆಸರಿನ ಅಂಚು ಮೂಡುವುದಿಲ್ಲ. ನೀರುಕಾಗೆಗೆ ಅದು ಸಾಕು, ಗೊರವಕ್ಕೆ ಅಲ್ಲಿ ಕಾಲಿಡಲು ಜಾಗವಿಲ್ಲ.

ನಾನು ಅಭಿಪ್ರಾಯದಲ್ಲಿ ಬರೆಯುವುದು ಸಣ್ಣ ಬೇಡಿಕೆಗಳನ್ನು. ಏರಿ, ತೂಬಿನ ಕಡೆ ಬೇಕಾದಷ್ಟು ಆಳ ಮಾಡಿ. ಹಳ್ಳ ಬಂದು ಕೂಡುವ ಮೇಲ್ತುದಿಯಲ್ಲಿ ಒಂದು ಮೀಟರ್ ಇಳಿಯಲು ಹತ್ತು ಮೀಟರಾದರೂ ಓಟ ಇರುವಂತೆ ದಡವನ್ನು ಬಿಡಿ. ಅಲ್ಲಿ ಹೂಳು ತಡೆಯಲು ಸಹ ಅದು ಒಳ್ಳೆಯದೇ, ಎಂಜಿನಿಯರುಗಳು ಇದಕ್ಕೆ ಬೇಗ ಒಪ್ಪುತ್ತಾರೆ. ಇನ್ನೊಂದು ಕೆಲಸದ ಅನುಕ್ರಮದ ವಿಷಯ. ಹೂಳೆತ್ತುವುದು ಫೆಬ್ರವರಿಯಿಂದ ಮೇವರೆಗೆ. ಬೇರೆಡೆ ನೀರು ಬತ್ತಿ ಹಕ್ಕಿಗಳು ಕೆರೆಗೆ ಸೇರುವುದೂ ಪ್ರಯಾಣಕ್ಕೆ ಕೊಬ್ಬು ಕೂಡಿಸಿಕೊಳ್ಳುವುದೂ ಅದೇ ತಿಂಗಳುಗಳಲ್ಲಿ. ಕೆಲಸವನ್ನು ಏರಿಯ ಕಡೆಯಿಂದ ಆರಂಭಿಸಿ ಮೇಲ್ತುದಿಯನ್ನು ಮೇ ಎರಡನೇ ವಾರದ ನಂತರಕ್ಕೆ ಇಟ್ಟುಕೊಂಡರೆ ಗುತ್ತಿಗೆದಾರನಿಗೆ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. ಇದನ್ನು ಟೆಂಡರ್ ಷರತ್ತಿನಲ್ಲಿಯೇ ಸೇರಿಸಬೇಕು. ವರದಿಯ ಹಕ್ಕಿ ಪುಟದಲ್ಲಿ ಬರೆದರೆ ಸೈಟಿನಲ್ಲಿರುವ ಮೇಸ್ತ್ರಿಗೆ ಅದು ತಲುಪುವುದಿಲ್ಲ.