ಬಾಯಿಯ ರೋಗಗಳಿಗೆ ಸ್ಟಿರಾಯ್ಡ್: ಉರಿ ತಣಿಸುವ ಮದ್ದು ಬಂದ ದಾರಿ

‘ನಿಮ್ಮ ಮೂರು ಬೆರಳು ಜೋಡಿಸಿ ಬಾಯೊಳಗ ಇಡ್ರಿ.’ ಬಾಯಿ ಬಿಗಿಯುತ್ತಿದೆ ಎಂದು ವಿಜಯಪುರದ ದಂತ ವೈದ್ಯರ ಬಳಿಗೆ ಹೋದವರಿಗೆ ಈ ಪರೀಕ್ಷೆ ಹೊಸದಲ್ಲ. ಎರಡೇ ಬೆರಳು ಹಿಡಿಸುವ, ಕಡಕ್ ರೊಟ್ಟಿಯನ್ನು ಚೂರು ಮಾಡಿ ತುರುಕಿಕೊಳ್ಳಬೇಕಾದ, ಶೇಂಗಾ ಚಟ್ನಿಯ ಖಾರ ತಾಗಿದರೂ ಕೆನ್ನೆಯೊಳಗೆ ಬೆಂಕಿ ಬಿದ್ದಂತಾಗುವ ಈ ರೋಗದ ಹೆಸರು ಸಬ್‌ಮ್ಯೂಕಸ್ ಫೈಬ್ರೋಸಿಸ್. ಇದಕ್ಕೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಮಾತ್ರ ಮೂಲದಲ್ಲಿ ಕೀಲುನೋವಿನ ಮದ್ದು.

ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು 1948ರಲ್ಲಿ ಸಂಧಿವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಅವರಿಗೆ ನೊಬೆಲ್ ಸಂದಿತು. ಬಾಯಿಯ ಮಟ್ಟಿಗೆ ಇದರ ದೊಡ್ಡ ಉಪಕಾರ ಕಂಡದ್ದು ಪೆಂಫಿಗಸ್‌ನಲ್ಲಿ. ಎಷ್ಟೋ ಸಲ ಬಾಯಿಹುಣ್ಣಾಗಿಯೇ ಶುರುವಾಗಿ ಮೈಯೆಲ್ಲ ಬೊಬ್ಬೆ ಎಬ್ಬಿಸುವ ಈ ರೋಗ ಬಂದವರಲ್ಲಿ ಹೆಚ್ಚಿನವರು ಅದಕ್ಕೂ ಮೊದಲು ಬದುಕುತ್ತಿರಲಿಲ್ಲ. ಕೆನ್ನೆಯೊಳಗೆ ಬಿಳಿ ಗೆರೆ ಮೂಡಿಸುವ ಲೈಕೆನ್ ಪ್ಲಾನಸ್ ಮತ್ತು ಮರುಕಳಿಸುವ ಹುಣ್ಣುಗಳಿಗೆ ಸಾಮಾನ್ಯವಾಗಿ ಮಾತ್ರೆಯ ಬದಲು ಟ್ರಯಾಮ್ಸಿನೋಲೋನ್ ಎಂಬ ಸ್ಟಿರಾಯ್ಡ್‌ನ ಲೇಪ ಸಾಕಾಗುತ್ತದೆ.

ಸಬ್‌ಮ್ಯೂಕಸ್ ಫೈಬ್ರೋಸಿಸ್ ಕತೆ ಬೇರೆ. ಶ್ವಾರ್ಟ್ಸ್ 1952ರಲ್ಲಿ ಪೂರ್ವ ಆಫ್ರಿಕಾದ ಐವರು ಭಾರತೀಯ ಮೂಲದ ಹೆಂಗಸರಲ್ಲಿ ಇದನ್ನು ಗುರುತಿಸಿದರು. ಮರುವರ್ಷ ಜೋಶಿ ಅವರು ಭಾರತದ ರೋಗಿಗಳ ಬಗ್ಗೆ ಬರೆದರು. ಅಡಿಕೆ ಜಗಿಯುವುದೇ ಇದಕ್ಕೆ ಮುಖ್ಯ ಕಾರಣ: ಅದರಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ನಾರು ಹೆಣೆಯುವ ಜೀವಕೋಶಗಳನ್ನು ಕೆಣಕುತ್ತದೆ, ಟ್ಯಾನಿನ್ ಆ ನಾರು ಸುಲಭವಾಗಿ ಕರಗದಂತೆ ಮಾಡುತ್ತದೆ. ಹೀಗೆ ಮೆತ್ತಗಿರಬೇಕಾದ ಕೆನ್ನೆಯೊಳಭಾಗ ಬಿಳಿಚಿಕೊಂಡು ಪಟ್ಟಿಯಂತೆ ಬಿರುಸಾಗುತ್ತದೆ. ಮದ್ದು ಒಳಗೆ ಹರಡಲು ನೆರವಾಗುವ ಹಯಲುರೋನಿಡೇಸ್ ಎಂಬ ಕಿಣ್ವ ಬೆರೆಸಿ ಕೆನ್ನೆಗೆ ಚುಚ್ಚುವ ಸ್ಟಿರಾಯ್ಡ್ ಉರಿಯೂತವನ್ನು ತಗ್ಗಿಸಿ ಹೊಸ ನಾರಿನ ಬೆಳವಣಿಗೆಗೆ ತಡೆಯೊಡ್ಡುತ್ತದೆ, ಆದರೆ ಆಗಲೇ ಗಟ್ಟಿಯಾದ ಪಟ್ಟಿಯನ್ನು ಅಳಿಸುವುದಿಲ್ಲ. ಇದನ್ನು ರೋಗಿಗೆ ಮೊದಲೇ ಬಿಡಿಸಿ ಹೇಳಬೇಕು, ಏಕೆಂದರೆ ಉರಿ ಇಳಿದೊಡನೆ ಗುಣವಾಯಿತೆಂದು ಬಗೆದು ಮತ್ತೆ ಅಡಿಕೆ ಬಾಯಿಗೆ ಹೋಗುತ್ತದೆ. ರಾಜ್ಯ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿದ ಮೇಲೂ ಪಾನ್ ಮಸಾಲಾ, ತಂಬಾಕು ಬೇರೆ ಬೇರೆ ಚೀಟಿಗಳಲ್ಲಿ ಸಿಗುತ್ತಲೇ ಇವೆ. ಈ ರೋಗ ಕ್ಯಾನ್ಸರಿಗೆ ತಿರುಗಬಲ್ಲದು ಎಂಬುದರಿಂದ ಉರಿ ಇಲ್ಲದಿದ್ದರೂ ತಪಾಸಣೆ ತಪ್ಪಿಸುವಂತಿಲ್ಲ.

ನನಗೆ ಹೆಚ್ಚು ಕಳವಳ ತರುವುದು, ವೈದ್ಯರ ಚೀಟಿಯಿಲ್ಲದೆ ಔಷಧ ಅಂಗಡಿಯಿಂದ ತಂದು ನುಂಗುವ ಸ್ಟಿರಾಯ್ಡ್ ಮಾತ್ರೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದು ಸಕ್ಕರೆಯನ್ನು ಏರಿಸುತ್ತದೆ, ಬಾಯಲ್ಲಿ ಬಿಳಿ ಬೂಷ್ಟು ಕಟ್ಟಿಸುತ್ತದೆ. ಬಹುದಿನ ತಿಂದು ಒಮ್ಮೆಲೇ ಬಿಟ್ಟರೆ, ಸ್ವಂತ ಹಾರ್ಮೋನು ತಯಾರಿಸುವುದನ್ನು ಕಡಿಮೆ ಮಾಡಿದ್ದ ಅಡ್ರಿನಲ್ ಗ್ರಂಥಿ ತಕ್ಷಣ ಚೇತರಿಸಿಕೊಳ್ಳದೆ ಜೀವಕ್ಕೇ ಅಪಾಯವಾಗಬಹುದು.

ಇಂಜೆಕ್ಷನ್ನಿನ ಜೊತೆಗೆ ಮನೆಯಲ್ಲಿ ದಿನವೂ ನಡೆಯಬೇಕಾದ ಕೆಲಸವೊಂದಿದೆ: ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಟ್ಟುಕೊಂಡು, ಬಾಯಿ ಸಡಿಲಾದಂತೆ ಇನ್ನೊಂದು ಕಡ್ಡಿ ಸೇರಿಸುವುದು.