ವೆಬ್‌ಸೈಟ್ ಇದೆ, ಗೂಗಲಲ್ಲಿ ಮಾತ್ರ ಕಾಣಲ್ಲ, ಏನ್ ಮಾಡೋದು?

ಪ್ರಶ್ನೆ: ಸರ್, ನಮ್ದು ಇಳಕಲ್ ಸೀರಿ ವ್ಯಾಪಾರ, ನಮ್ಮ ಅಪ್ಪಾರ ಕಾಲದಿಂದ ಐತಿ. ಎರಡು ವರ್ಷದ ಹಿಂದ ವೆಬ್‌ಸೈಟ್ ಮಾಡಿಸೇವಿ, ಖರ್ಚೂ ಭಾಳ ಆತು. ಅಂಗಡಿ ಹೆಸರು ಹಾಕಿ ಹುಡುಕಿದ್ರ ಬರ್ತೈತಿ, ಬರೇ ಇಳಕಲ್ ಸೀರಿ ಅಂತ ಹಾಕಿದ್ರ ಎಷ್ಟ್ ಕೆಳಗ ಹೋದ್ರೂ ಸಿಗಂಗಿಲ್ಲ. ಒಬ್ರು ಬ್ಲಾಗ್ ಬರೀರಿ ಅಂತಾರ, ಒಬ್ರು ಬ್ಯಾಕ್‌ಲಿಂಕ್ ತಗೋರಿ ಅಂತಾರ, ಇನ್ನೊಬ್ರು ಕೀವರ್ಡ್ ಹಾಕ್ತೀವಿ ತಿಂಗಳಿಗಿಷ್ಟು ಕೊಡ್ರಿ ಅಂತಾರ. ಇದ್ರಾಗ ಯಾವುದು ಖರೆ?

ಉತ್ತರ: ಮೂರೂ ಖರೇನೇ, ಆದ್ರೆ ನಿಮಗೆ ಮಾರೋಕೆ ಬಂದಿರೋ ರೂಪದಲ್ಲಿ ಅಲ್ಲ. ಈ ಪ್ರಶ್ನೆ ಹೋಮ್‌ಸ್ಟೇ ನಡೆಸೋರು, ಗಾಣದ ಎಣ್ಣೆ ಮಾರೋರು, ಟ್ಯೂಷನ್ ಇಟ್ಕೊಂಡಿರೋರು ಎಲ್ಲರೂ ಕೇಳ್ತಾರೆ, ಆದ್ರೆ ನಿಮ್ದು ಸೀರೆ ವ್ಯಾಪಾರ ಆದ್ರಿಂದ ಸೀರೇನೇ ಇಟ್ಕೊಂಡು ಹೇಳ್ತೀನಿ, ಉಳಿದೋರು ಸೀರೆ ಇದ್ದ ಕಡೆ ತಮ್ಮ ತಮ್ಮ ಸಾಮಾನು ಹಾಕ್ಕೊಂಡು ಓದಿ.

ಮೊದಲು ಒಂದು ಸಣ್ಣ ಪರೀಕ್ಷೆ. ಗೂಗಲಲ್ಲಿ ಇಂಗ್ಲಿಷಲ್ಲಿ ಸೈಟ್ ಅಂತ ಟೈಪ್ ಮಾಡಿ, ಪಕ್ಕದಲ್ಲೇ ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟ್ ವಿಳಾಸ ಹಾಕಿ ಹುಡುಕಿ. ನಿಮ್ಮ ಪುಟಗಳ ಪಟ್ಟಿ ಬಂದ್ರೆ ಗೂಗಲ್‌ಗೆ ನಿಮ್ಮ ಪರಿಚಯ ಇದೆ ಅಂತ ಅರ್ಥ. ಹೋಮ್ ಪೇಜ್ ಒಂದೇ ಬಂದ್ರೆ, ಒಳಗಿನ ಪುಟಗಳನ್ನ ಅದು ನೋಡೇ ಇಲ್ಲ ಅಥವಾ ನೋಡಿದ್ರೂ ಬೇಡ ಅಂತ ಬಿಟ್ಟಿದೆ. ನನಗೆ ಗೊತ್ತಿರೋರೊಬ್ಬರು ಸುಮಾರು ಒಂದು ವರ್ಷ ತಲೆ ಕೆಡಿಸ್ಕೊಂಡಿದ್ರು, ಬ್ಲಾಗೂ ಬರೆದ್ರು, ಎಲ್ಲಾ ಮಾಡಿದ್ರು, ಕೊನೆಗೆ ನೋಡಿದ್ರೆ, ಸೈಟ್ ಕಟ್ಟೋಕೆ ಬಳಸೋ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್ ಸೆಟ್ಟಿಂಗ್ಸ್ ಒಳಗೆ 'ಸರ್ಚ್ ಎಂಜಿನ್‌ಗಳು ಈ ಸೈಟನ್ನ ನೋಡೋದು ಬೇಡ' ಅನ್ನೋ ಡಬ್ಬಿಗೆ ಟಿಕ್ ಹಾಕಿತ್ತು, ಸೈಟ್ ಕಟ್ಟುವಾಗ ಡೆವಲಪರ್ ಹುಡುಗ ಹಾಕಿದ್ದನ್ನ ತೆಗೆಯೋಕೆ ಮರೆತಿದ್ದ. ಅಂಗಡಿ ತೆರೆದು ಷಟರ್ ಅರ್ಧ ಇಳಿಸಿಟ್ಟು ಗಿರಾಕಿ ಬರ್ತಿಲ್ಲ ಅಂತ ಕೂತ ಹಾಗೆ.

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್ ಹಾಕಿಸ್ಕೊಳ್ಳಿ, ಅದು ಪೂರ್ತಿ ಫ್ರೀ. ಜನ ಏನು ಹುಡುಕಿದಾಗ ನಿಮ್ಮ ಸೈಟ್ ಕಾಣಿಸ್ತು, ಎಷ್ಟನೇ ಜಾಗದಲ್ಲಿ ಕಾಣಿಸ್ತು, ಎಷ್ಟು ಜನ ಒತ್ತಿದ್ರು ಅಂತ 16 ತಿಂಗಳ ಲೆಕ್ಕ ಅದರಲ್ಲಿ ಸಿಗುತ್ತೆ. ಅದನ್ನ ನೋಡದೆ ಯಾವ ಏಜೆನ್ಸಿ ಜೊತೆನೂ ಮಾತಿಗೆ ಕೂರಬೇಡಿ.

ಈಗ ಕೀವರ್ಡ್. ಇದು ಮಂತ್ರ ಗಿಂತ್ರ ಏನಲ್ಲ, ಗಿರಾಕಿ ಟೈಪ್ ಮಾಡೋ ಮಾತು, ಅಷ್ಟೇ. ಪುಟದ ಹಿಂದೆ ಕಣ್ಣಿಗೆ ಕಾಣದ ಹಾಗೆ ಮೆಟಾ ಕೀವರ್ಡ್ಸ್ ಅಂತ ನೂರು ಪದ ತುಂಬಿಸಿ ದುಡ್ಡು ಇಸ್ಕೊಳ್ಳೋರು ಇವತ್ತಿಗೂ ಇದ್ದಾರೆ, ಅದನ್ನ ರ್‍ಯಾಂಕಿಗೆ ಬಳಸೋದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ! ಇನ್ನು ಕೆಲವರು ಕಣ್ಣಿಗೆ ಕಾಣೋ ಹಾಗೇ ತುಂಬಿಸ್ತಾರೆ, 'ನಮ್ಮಲ್ಲಿ ಇಳಕಲ್ ಸೀರೆ ಸಿಗುತ್ತೆ, ಒಳ್ಳೆ ಇಳಕಲ್ ಸೀರೆ ಬೇಕಾದ್ರೆ ನಮ್ಮ ಇಳಕಲ್ ಸೀರೆ ಅಂಗಡಿಗೆ ಬನ್ನಿ' ಅಂತ, ಓದಿದ್ರೆ ಬಸ್ ಸ್ಟ್ಯಾಂಡಲ್ಲಿ ಕೂಗ್ತಾರಲ್ಲ ಹಂಗಿರುತ್ತೆ, ಅದನ್ನ ಗೂಗಲ್ ಸ್ಪ್ಯಾಮ್ ಅಂತಲೇ ಲೆಕ್ಕ ಹಾಕೋದು.

ನಿಜವಾಗ್ಲೂ ಮಾಡಬೇಕಾಗಿರೋದು ಏನಪ್ಪಾ ಅಂದ್ರೆ, ನೀವು ಬಳಸೋ ಪದಕ್ಕೂ ಗಿರಾಕಿ ಬಳಸೋ ಪದಕ್ಕೂ ಇರೋ ಅಂತರ ನೋಡೋದು. ನೀವು ಇಳಕಲ್ ಅಂತೀರಿ. ಸೊಲ್ಲಾಪುರ, ಕೊಲ್ಹಾಪುರ, ಪುಣೆ ಕಡೆಯ ಮರಾಠಿಯವರು ಅದೇ ಸೀರೆಗೆ 'ಇರಕಲ್' ಅಂತಾರೆ. ಸ್ಪೆಲಿಂಗ್‌ನಲ್ಲಿ ಸಣ್ಣಪುಟ್ಟ ತಪ್ಪಾದ್ರೆ ಗೂಗಲ್ ತಾನೇ ಸರಿ ಮಾಡ್ಕೊಂಡು ಹುಡುಕುತ್ತೆ, ಆದ್ರೆ ಇದು ತಪ್ಪಲ್ಲ, ಅವರ ಮನೇಲಿ ಅದರ ಹೆಸರೇ ಅದು. ನಿಮ್ಮ ಸೈಟಲ್ಲಿ ಎಲ್ಲೂ ಇರಕಲ್ ಅನ್ನೋ ಮಾತೇ ಇಲ್ಲ ಅಂದ್ರೆ ಆ ಗಿರಾಕಿ ಕಣ್ಣಿಗೆ ನೀವು ಬೀಳೋ ಚಾನ್ಸು ತಾನಾಗೇ ಕಮ್ಮಿ. ತಲೆತಲಾಂತರದಿಂದ ಆ ಕಡೆ ಸೀರೆ ಉಡೋ ಜನ ಇದ್ದಾರೆ, ಅವರಿಗೋಸ್ಕರ ಒಂದು ಪುಟ ಮಾಡೋದಕ್ಕೆ ಏನು ಖರ್ಚು ಹೇಳಿ?

ಇನ್ನೊಂದು, ಬರೀ 'ಇಳಕಲ್ ಸೀರೆ' ಅನ್ನೋ ಎರಡು ಪದದ ಹಿಂದೆ ಬೀಳಬೇಡಿ. ಅಲ್ಲಿ ದೊಡ್ಡ ದೊಡ್ಡ ಶಾಪಿಂಗ್ ಸೈಟ್‌ಗಳು, ವಿಕಿಪೀಡಿಯ ಎಲ್ಲಾ ಚಕ್ಕಳಮಕ್ಕಳ ಹಾಕ್ಕೊಂಡು ಕೂತಿವೆ, ಅವರನ್ನ ಎಬ್ಬಿಸೋದು ಸುಲಭದ ಮಾತಲ್ಲ. ಮತ್ತೆ ಆ ಎರಡು ಪದ ಹಾಕಿದೋರಿಗೆ ಏನು ಬೇಕು ಅಂತಾನೂ ಗೊತ್ತಾಗಲ್ಲ, ಪ್ರಾಜೆಕ್ಟ್ ಬರೆಯೋ ಕಾಲೇಜ್ ಹುಡುಗಿ ಆಗಿರಬಹುದು, ಸುಮ್ನೆ ಫೋಟೋ ನೋಡೋರು ಆಗಿರಬಹುದು. ಆದ್ರೆ 'ಕುಬುಸಕ್ಕೆ ಹಸಿರು ಇಳಕಲ್ ಸೀರೆ' ಅಂತ ಹುಡುಕೋರು ಇದ್ದಾರಲ್ಲ, ಕುಬುಸ ಅಂದ್ರೆ ಸೀಮಂತ, ಅವರ ಮನೇಲಿ ಕಾರ್ಯ ಇದೆ, ತಾರೀಖು ಗೊತ್ತಾಗಿದೆ, ದುಡ್ಡು ಕೈಯಲ್ಲಿ ಹಿಡ್ಕೊಂಡಿದ್ದಾರೆ. ಅಂಥ ಉದ್ದನೆ ಹುಡುಕಾಟ ಮಾಡೋರು ಕಮ್ಮಿ, ಆದ್ರೆ ಬಂದೋರು ಕೊಳ್ಳೋಕೇ ಬಂದಿರ್ತಾರೆ.

ಇಲ್ಲಿಂದ ಬ್ಲಾಗ್ ವಿಷ್ಯಕ್ಕೆ ಬರೋಣ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು, ಎಲ್ಲರೂ ಕೆಡಿಸೋದೂ ಇದನ್ನೇ. ಬ್ಲಾಗ್ ಅಂದ ತಕ್ಷಣ 'ಭಾರತೀಯ ಸಂಸ್ಕೃತಿಯಲ್ಲಿ ಸೀರೆಯ ಮಹತ್ವ' ಅಂತ ಶುರು ಮಾಡ್ತಾರೆ. ಅದನ್ನ ಓದೋಕೆ ಯಾರು ಬರ್ತಾರೆ? ನೀವು ಗಲ್ಲಾದ ಮುಂದೆ ಕೂತು ದಿನಾ ಬಾಯಲ್ಲಿ ಹೇಳ್ತೀರಲ್ಲ, ಅದನ್ನ ಬರೀರಿ. ಒಂದು ವಾರ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಕೊಂಡು ಗಿರಾಕಿ ಕೇಳಿದ ಪ್ರಶ್ನೆ ಅವರು ಕೇಳಿದ ಮಾತಲ್ಲೇ ಗೀಚ್ಕೊಳ್ಳಿ, ಫೋನಲ್ಲಿ ಕೇಳಿದ್ದು, ವಾಟ್ಸಪ್ಪಲ್ಲಿ ಕೇಳಿದ್ದು ಎಲ್ಲಾ. ಇದು ಕೈಮಗ್ಗದ್ದಾ ಪವರ್‌ಲೂಮ್‌ದಾ, ಹೆಂಗ್ ಗೊತ್ತಾಗುತ್ತೆ? ಸೆರಗು ಪ್ಯೂರ್ ರೇಷ್ಮೆನಾ? ಬಣ್ಣ ಬಿಡುತ್ತಾ, ಮನೇಲೇ ಒಗೀಬಹುದಾ? ಇದೇ ನೋಡಿ ನಿಮ್ಮ ಬ್ಲಾಗಿನ ಪಟ್ಟಿ, ಒಂದು ಪ್ರಶ್ನೆಗೆ ಒಂದು ಪುಟ.

ಉದಾಹರಣೆಗೆ ರೇಷ್ಮೆ ಪ್ರಶ್ನೆ ತಗೊಳ್ಳಿ. ಸೆರಗಿನ ತುದಿಯ ಒಂದೆಳೆ ದಾರ ತೆಗೆದು ಸುಟ್ಟು ತೋರಿಸಿ, ರೇಷ್ಮೆ ಆದ್ರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಪುಡಿ ಆಗುತ್ತೆ, ಆರ್ಟ್ ಸಿಲ್ಕ್ ಅಂತ ಕರೆಯೋ ರೇಯಾನ್ ಆದ್ರೆ ಕಾಗದ ಸುಟ್ಟ ವಾಸನೆ, ಪಾಲಿಯೆಸ್ಟರ್ ಆದ್ರೆ ಕರಗಿ ಗಟ್ಟಿ ಗುಂಡು ಆಗುತ್ತೆ. ಮೂರಕ್ಕೂ ನಿಮ್ಮದೇ ಮೊಬೈಲಲ್ಲಿ ಫೋಟೋ ತೆಗೆದು ಹಾಕಿ, ಜೊತೆಗೆ ಆರ್ಟ್ ಸಿಲ್ಕ್ ಸೆರಗಿನ ಸೀರೇನೂ ನಾವು ಮಾರ್ತೀವಿ, ಬೆಲೆ ಇಷ್ಟು ಕಮ್ಮಿ, ದಿನಾ ಉಡೋರಿಗೆ ಅದೇ ಅನುಕೂಲ ಅಂತ ನಿಜ ಬರೆದ್ಬಿಡಿ. ಹಾಗೇ ಒಡಲಿನ ಹಾಸು ದಾರಕ್ಕೆ, ಅಂದ್ರೆ ಉದ್ದಕ್ಕೆ ಹಾಕೋ ದಾರಕ್ಕೆ, ಸೆರಗಿನ ಹಾಸು ದಾರಾನ ಕೊಂಡಿ ಹಾಕಿ ಕೂಡಿಸ್ತಾರಲ್ಲ, ಆ ಟೋಪ್ ತೆನಿ ಕೆಲಸ, ಅದನ್ನ ಮಗ್ಗದ ಮುಂದೆ ಕೂತು ವಿಡಿಯೋ ಮಾಡಿ. ಚಿಕ್ಕಿ ಪರಾಸ್ ದಡಿಗೂ ಗೋಮಿ ದಡಿಗೂ ಏನು ವ್ಯತ್ಯಾಸ ಅಂತ ಪಕ್ಕಪಕ್ಕ ಇಟ್ಟು ತೋರಿಸಿ. ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತು ನಾಳೆ ಇನ್ಯಾವುದೋ ಕಂಪನಿಗೆ ಬರೆಯೋ ಕಂಟೆಂಟ್ ರೈಟರ್ ಕೈಲಿ ಇದು ಆಗಲ್ಲ, ನಿಮ್ಮ ಕೈಲಿ ಮಾತ್ರ ಆಗುತ್ತೆ. ಗೂಗಲ್ ತನ್ನ ಗುಣಮಟ್ಟದ ಗೈಡ್‌ಲೈನಿಗೆ 2022ರ ಡಿಸೆಂಬರಲ್ಲಿ 'ಅನುಭವ' ಅನ್ನೋದನ್ನ ಸೇರಿಸಿದ್ದು ಇದಕ್ಕೇ, ಬರೆದೋರು ಆ ವಸ್ತುನ ಮುಟ್ಟಿ ನೋಡಿದ್ದಾರಾ ಇಲ್ವಾ ಅಂತ.

ಎಐ ಕೈಲಿ ದಿನಕ್ಕೆ ಹತ್ತು ಲೇಖನ ಬರೆಸಿ ಹಾಕ್ತೀನಿ ಅಂತ ಯಾರಾದ್ರೂ ಬಂದ್ರೆ ಬೇಡ ಅನ್ನಿ. ಎಐ ಬಳಸಿದ್ದಕ್ಕೇ ಶಿಕ್ಷೆ ಅಂತೇನಿಲ್ಲ, ಆದ್ರೆ ರ್‍ಯಾಂಕಿಗೋಸ್ಕರ ರಾಶಿಗಟ್ಟಲೆ ಪುಟ ಸುರಿಯೋದನ್ನ 2024ರ ಮಾರ್ಚಿನಲ್ಲಿ ಗೂಗಲ್ ಸ್ಪ್ಯಾಮ್ ನಿಯಮದೊಳಗೆ ತಂದಿದೆ, ಮನುಷ್ಯರೇ ಬರೆದಿದ್ರೂ ಅಷ್ಟೇ. ಅದೇ ವರ್ಷ ಆಗಸ್ಟಿಂದ ನಮ್ಮ ದೇಶದಲ್ಲೂ ಹುಡುಕಿದ ಕೂಡಲೇ ಮೇಲೆ ಎಐ ಉತ್ತರ ಬರೋಕೆ ಶುರುವಾಯ್ತು, ಸೀರೆ ಎಷ್ಟು ಮೀಟರ್ ಅನ್ನೋ ಥರದ ಪ್ರಶ್ನೆಗೆ ಜನ ಅಲ್ಲೇ ಓದ್ಕೊಂಡು ಹೋಗ್ತಾರೆ, ನಿಮ್ಮ ಸೈಟಿಗೆ ಬರೋದೇ ಇಲ್ಲ. ಅದಕ್ಕೇ ಎಲ್ಲರೂ ಹೇಳೋದನ್ನೇ ಬರೆದು ಈಗ ಪ್ರಯೋಜನ ಇಲ್ಲ ಅನ್ನೋದು.

ಸಣ್ಣ ಸಣ್ಣದು ಬೇಗ ಹೇಳಿ ಮುಗಿಸ್ತೀನಿ. ಪುಟದ ಟೈಟಲ್ 'ಹೋಮ್' ಅಂತ ಇದ್ರೆ ಬದಲಾಯಿಸಿ, ಒಳಗೇನಿದೆ ಅಂತ ಹೇಳೋ ಹಾಗಿರಲಿ. ಬೆಲೆ, ವಿವರ ಎಲ್ಲಾ ಪೋಸ್ಟರ್ ಥರ ಫೋಟೋ ಒಳಗೆ ಬರೆದಿದ್ರೆ ಅದನ್ನ ಅಕ್ಷರದಲ್ಲೂ ಬರೀರಿ. ಮೊಬೈಲಲ್ಲಿ ಬೇಗ ತೆರ್ಕೋಬೇಕು, ಸೀರೆ ಫೋಟೋ ಕ್ಯಾಮೆರಾದಿಂದ ಬಂದ ಸೈಜಲ್ಲೇ ಹಾಕಿದ್ರೆ ಹಳ್ಳಿ ನೆಟ್‌ವರ್ಕಲ್ಲಿ ಗಿರಾಕಿ ಕಾಯಲ್ಲ. ದೀಪಾವಳಿ ಪುಟ ದೀಪಾವಳಿ ವಾರ ಹಾಕಬೇಡಿ, ಎರಡು ಮೂರು ತಿಂಗಳು ಮುಂಚೆ ಹಾಕಿ, ಮುಂದಿನ ವರ್ಷ ಹೊಸ ಪುಟ ಮಾಡದೆ ಅದೇ ವಿಳಾಸದಲ್ಲಿ ವಿಷಯ ಬದಲಾಯಿಸಿ. ಕನ್ನಡದಲ್ಲೂ ಬರೀರಿ, ಇಂಗ್ಲಿಷಿಗೆ ಹೋಲಿಸಿದ್ರೆ ಕನ್ನಡದಲ್ಲಿ ಪೈಪೋಟಿ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಮತ್ತೆ ಈಗ ಮೈಕ್ ಒತ್ತಿ ಕನ್ನಡದಲ್ಲೇ ಕೇಳೋ ಅಮ್ಮಂದಿರು ಬೇಕಾದಷ್ಟು ಇದ್ದಾರೆ. ಆದ್ರೆ ಎರಡೂ ಭಾಷೆಗೆ ಬೇರೆ ಬೇರೆ ಪುಟ ಇರಲಿ.

ಇನ್ನು ಬ್ಯಾಕ್‌ಲಿಂಕ್, ಅಂದ್ರೆ ಬೇರೆಯೋರ ಸೈಟಿಂದ ನಿಮ್ಮ ಸೈಟಿಗೆ ಬರೋ ಲಿಂಕ್. ಗೂಗಲ್ ಹುಟ್ಟಿದ್ದೇ ಈ ಐಡಿಯಾ ಮೇಲೆ. ಲ್ಯಾರಿ ಪೇಜ್, ಸರ್ಗೆ ಬ್ರಿನ್ ಸ್ಟ್ಯಾನ್‌ಫರ್ಡಲ್ಲಿ ಓದುವಾಗ ಪೇಜ್‌ರ್‍ಯಾಂಕ್ ಅಂತ, ಲಿಂಕ್ ನೋಡಿ ಪುಟಗಳಿಗೆ ತೂಕ ಕೊಡೋ ಲೆಕ್ಕ ಮಾಡಿದ್ರು, 1998ರಲ್ಲಿ ಅದರ ಮೇಲೇ ಕಂಪನಿ ಆಯ್ತು. ನಮ್ಮಲ್ಲಿ ಮದುವೆ ಮಾತುಕತೆಗೆ ಮುಂಚೆ ಆ ಊರಲ್ಲಿ ನಾಕು ಜನರನ್ನ ವಿಚಾರಿಸ್ತಾರಲ್ಲ, ಹುಡುಗನ ಮನೆಯೋರು ಹೆಂಗೆ ಅಂತ, ಅದೇ ಲೆಕ್ಕ. ಒಂದು ಸೈಟ್ ಇನ್ನೊಂದಕ್ಕೆ ಲಿಂಕ್ ಕೊಟ್ರೆ ಅದು ಒಂದು ಒಳ್ಳೆ ಮಾತು ಹೇಳಿದ ಹಾಗೆ, ಮತ್ತೆ ಯಾರು ಹೇಳಿದ್ರು ಅನ್ನೋದೂ ಮುಖ್ಯ, ಊರ ಮೇಷ್ಟ್ರು ಹೇಳೋದಕ್ಕೂ ಕಟ್ಟೆ ಮೇಲೆ ಕುಡಿದು ಕೂತೋನು ಹೇಳೋದಕ್ಕೂ ವ್ಯತ್ಯಾಸ ಇದೆ ತಾನೆ.

ಬ್ಯಾಕ್‌ಲಿಂಕ್ ಪ್ಯಾಕೇಜ್ ಅಂತ ಮಾರೋದು ಬಹುಪಾಲು ಆ ಕಟ್ಟೆ ಮೇಲಿನೋರ ಸಾಕ್ಷಿ. ನಾನೂ ಆಸೆಗೆ ಬಿದ್ದು ನನ್ನದೊಂದು ಪುಟ್ಟ ಸೈಟಿಗೆ ಒಂದು ಸಲ ತಗೊಂಡಿದ್ದೆ, ಕೆಲಸ ಮುಗೀತು ಅಂತ ಎಕ್ಸೆಲ್ ಶೀಟ್ ಕಳಿಸಿದ್ರು, ತೆರೆದು ನೋಡಿದ್ರೆ ಜೂಜಿನ ಸೈಟು, ಯಾವುದೋ ದೇಶದ ಪ್ಲಂಬರ್ ಸೈಟಿನ ಕಾಮೆಂಟು, ಅರ್ಧ ತೆರ್ಕೊಳ್ಳೋದೇ ಇಲ್ಲ, ಸರ್ಚ್ ಕನ್ಸೋಲಲ್ಲಿ ಗೆರೆ ಒಂದಿಂಚೂ ಮೇಲೆ ಏಳಲಿಲ್ಲ. 2012ರ ಏಪ್ರಿಲಲ್ಲಿ ಗೂಗಲ್ ಪೆಂಗ್ವಿನ್ ಅಂತ ಒಂದು ಅಪ್ಡೇಟ್ ಬಿಟ್ಟಾಗ ಇಂಥ ಲಿಂಕ್ ಕೊಂಡ ಸೈಟ್‌ಗಳು ರಾತ್ರೋರಾತ್ರಿ ಕೆಳಗೆ ಬಿದ್ವು, ಈಗ ಬಹುಪಾಲು ಅಂಥದ್ದನ್ನ ಲೆಕ್ಕಕ್ಕೇ ಹಿಡಿಯಲ್ಲ, ಅಂದ್ರೆ ದುಡ್ಡು ದಂಡ.

ಹಾಗಾದ್ರೆ ನಿಮಗೆ ಲಿಂಕ್ ಎಲ್ಲಿಂದ? ನಿಮ್ಮನ್ನ ನಿಜವಾಗ್ಲೂ ಬಲ್ಲೋರಿಂದ. ನಿಮ್ಮ ಹತ್ರ ಸೀರೆ ತಗೊಂಡು ಡ್ರೆಸ್ ಹೊಲಿಯೋ ಡಿಸೈನರ್ ಸೈಟ್, ಮಗ್ಗ ನೋಡೋಕೆ ಹುಡುಗರನ್ನ ಕರ್ಕೊಂಡು ಬಂದ ಫ್ಯಾಷನ್ ಕಾಲೇಜು, ಗುಳೇದಗುಡ್ಡದಲ್ಲಿ ಖಣ ಮಾರೋ ನಿಮ್ಮ ಸ್ನೇಹಿತರು, ಸೀರೆ ಮೇಲೆ ಕಸೂತಿ ಹಾಕೋ ಧಾರವಾಡದ ಕಡೆಯೋರು, ಜಿಲ್ಲೆಯ ಸುದ್ದಿ ಪತ್ರಿಕೆ. ಟೋಪ್ ತೆನಿ ವಿಡಿಯೋ ಚೆನ್ನಾಗಿದ್ರೆ ಜವಳಿ ಬಗ್ಗೆ ಬರೆಯೋರು ತಾವಾಗೇ ಲಿಂಕ್ ಕೊಡ್ತಾರೆ, ಬ್ಲಾಗೂ ಲಿಂಕೂ ಕೂಡೋದು ಇಲ್ಲೇ. ಇಂಥ ಐದಾರು ಸಾಕು, ಎಕ್ಸೆಲ್ ಶೀಟಿನ ಐನೂರಕ್ಕಿಂತ ಮೇಲು. ಮತ್ತೆ ನಿಮ್ಮ ಸೈಟಿನ ಒಳಗೇ ಲಿಂಕ್ ಮಾಡೋದು ಮರೀಬೇಡಿ, ಸೀರೆ ಪುಟದಿಂದ ಖಣದ ಬ್ಲೌಸ್ ಪುಟಕ್ಕೆ, ಅದೂ 'ಇಲ್ಲಿ ಒತ್ತಿ' ಅಂತ ಅಲ್ಲ, 'ಇಳಕಲ್ ಸೀರೆಗೆ ಒಪ್ಪೋ ಖಣ' ಅಂತ.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಇದೆ ತಾನೆ? ಬಿಸಿನೆಸ್ ಪ್ರೊಫೈಲ್ ಅಂತಾರೆ, ಅದೂ ಫ್ರೀ. ಟೈಮಿಂಗ್ಸ್, ಫೋನ್ ನಂಬರ್ ಸರಿ ಇರಲಿ, ಗಿರಾಕಿಗಳಿಗೆ ರಿವ್ಯೂ ಬರೀರಿ ಅಂತ ಬಾಯಿಬಿಟ್ಟು ಕೇಳಿ, ಆದ್ರೆ ರಿವ್ಯೂಗೆ ಡಿಸ್ಕೌಂಟ್ ಕೊಡಬೇಡಿ, ಅದು ನಿಯಮಕ್ಕೆ ವಿರುದ್ಧ. ಊರಿಗೆ ಬಂದು 'ಹತ್ರದ ಸೀರೆ ಅಂಗಡಿ' ಅಂತ ಹುಡುಕೋರಿಗೆ ವೆಬ್‌ಸೈಟಿಗಿಂತ ಮೊದಲು ಕಾಣೋದು ಇದು.

ಎಷ್ಟು ದಿನ ಆಗುತ್ತೆ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಬದಲಾವಣೆ ಮಾಡಿದ ಮೇಲೆ ಫಲ ಕಾಣೋಕೆ ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಅಂತ ಗೂಗಲಿನೋರೇ ಹೇಳಿದ್ದಾರೆ. ಮೊದಲನೇ ಜಾಗದ ಗ್ಯಾರಂಟಿ ಯಾರೂ ಕೊಡೋಕಾಗಲ್ಲ ಅಂತಾನೂ ಅವರೇ ಬರೆದಿದ್ದಾರೆ. ಗೂಗಲ್ ಆ್ಯಡ್ಸ್‌ಗೆ ದುಡ್ಡು ಸುರಿದ್ರೆ ಜಾಹೀರಾತಿನ ಜಾಗದಲ್ಲಿ ಕಾಣ್ತೀರಿ, ಕೆಳಗಿನ ಮಾಮೂಲಿ ಪಟ್ಟಿಯಲ್ಲಿ ಅದರಿಂದ ಒಂದು ಮೆಟ್ಟಿಲೂ ಏರಲ್ಲ.

ಹಾಗಂತ ತಿಂಗಳಿಗಿಷ್ಟು ಕೇಳಿದೋರೆಲ್ಲ ಕಳ್ಳರು ಅಂತಲ್ಲ, ಸೈಟ್ ಸ್ಪೀಡು, ಟೈಟಲ್ಲು, ತಾಂತ್ರಿಕ ರಿಪೇರಿ ಇಂಥದ್ದಕ್ಕೆ ಒಳ್ಳೇ ಹುಡುಗರು ಬೇಕೇ ಬೇಕು. ಏನೇನು ಮಾಡ್ತೀರಿ ಅಂತ ಕೇಳಿ, ಬರೀ ಲಿಂಕ್ ಎಷ್ಟು ಅಂತ ಲೆಕ್ಕ ಹೇಳಿದ್ರೆ ಚಹಾ ಕೊಟ್ಟು ಕಳಿಸಿ. ಕೆಲಸ ಒಪ್ಪಿಸೋದಾದ್ರೆ ಸರ್ಚ್ ಕನ್ಸೋಲ್ ನಿಮ್ಮ ಜಿಮೇಲ್‌ನಲ್ಲೇ ಇರಲಿ, ಅವರಿಗೆ ಒಳಗೆ ನೋಡೋಕೆ ಪರ್ಮಿಷನ್ ಕೊಟ್ರೆ ಸಾಕು. ಮತ್ತೆ ನಿಮ್ಮ ಡೊಮೈನ್, ಅಂದ್ರೆ ವೆಬ್‌ಸೈಟಿನ ವಿಳಾಸ, ಯಾರ ಹೆಸರಲ್ಲಿ, ಯಾರ ಈಮೇಲ್‌ನಲ್ಲಿ ರಿಜಿಸ್ಟರ್ ಆಗಿದೆ ಅಂತ ಇವತ್ತೇ ನೋಡ್ಕೊಳ್ಳಿ, ಎರಡು ವರ್ಷದ ಹಿಂದೆ ಸೈಟ್ ಮಾಡಿಕೊಟ್ಟೋರ ಹೆಸರಲ್ಲಿ ಇದ್ರೆ, ಬ್ಲಾಗಿನ ಮೊದಲನೇ ಸಾಲು ಬರೆಯೋಕೂ ಮುಂಚೆ ಅದನ್ನ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ.